ಟವೆಲ್ ಮರೆಯ ಬೆರಳುಗಳು

ಗೆಂಡೆಹಳ್ಳಿಯ ಕರಿಯಪ್ಪನವರು ಹೆಗಲ ಮೇಲೆ ಟವೆಲ್ ಇಲ್ಲದೆ ಮನೆಯ ಹೊಸ್ತಿಲು ದಾಟಿದವರಲ್ಲ. ದನದ ದಲ್ಲಾಳಿಗೆ ಅದು ಬೆವರೊರೆಸುವ ಬಟ್ಟೆ ಮಾತ್ರವಲ್ಲ, ಅಂಗಡಿಯೂ ಹೌದು. ಅರಸೀಕೆರೆಯ ಕಡೆಯಿಂದ ಬೇಲೂರಿನ ಕಡೆಯವರೆಗೆ ಎಲ್ಲ ಸಂತೆಗಳಲ್ಲೂ ಅವರು ಅದರ ಮರೆಯಲ್ಲೇ ಕೊಳ್ಳುವವನ ಕೈ ಹಿಡಿದು ಬೆಲೆ ಕುದುರಿಸುತ್ತ ಬಂದವರು. ಬಾಯಿಂದ ಬೆಲೆ ಹೊರಬೀಳುತ್ತಿರಲಿಲ್ಲ; ಹಿಡಿದ ಬೆರಳುಗಳೇ ಹೇಳುತ್ತಿದ್ದವು.

ಹೋದ ವರ್ಷ ಹಗ್ಗ ಕಿತ್ತುಕೊಂಡ ಹೋರಿಯೊಂದು ಅವರನ್ನು ತಿವಿದು ಕೆಡವಿತು. ಪಕ್ಕೆಯ ಗಾಯ ಮಾಯಿತು, ಕನಸು ಮಾಯಲಿಲ್ಲ. ಕಣ್ಣು ಮುಚ್ಚಿದರೆ ಅದೇ ಹೋರಿ, ಅದೇ ಓಟ, ಕಿರುಚಿಕೊಂಡು ಏಳುವರು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಮನೆಯ ಎತ್ತು ಮುತ್ತನ ಹತ್ತಿರ ಹೋಗಲೂ ಕಾಲು ಬರುತ್ತಿರಲಿಲ್ಲ. ಕರುವಾಗಿದ್ದಾಗಿನಿಂದ ಅವರ ಅಂಗೈಯಲ್ಲೇ ಬೆಲ್ಲ ತಿಂದು ಬೆಳೆದ ಎತ್ತು ಅದು. ದನಿ ಕೇಳಿದರೆ ಸಾಕು, ಕೊಟ್ಟಿಗೆಯಿಂದಲೇ ಕೂಗುತ್ತಿತ್ತು. ಅವರು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದರು.

“ಮಾರ್ಬುಡಣ ಕಣೇ ಅದ್ನ,” ಎಂದರು ಒಂದು ದಿನ ಹೆಂಡತಿ ಬೋರಮ್ಮನಿಗೆ.

“ಊರೋರ ದನ ಎಲ್ಲಾ ಮಾರಿದ್ದಾಯ್ತು, ಈಗ ಮನೆ ಮಗನ್ನೂ ಮಾರ್ತೀರಾ?” ಎಂದು ಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸೊಸೆ ಶಿಲ್ಪಶ್ರೀ ಬೇಲೂರಿನಲ್ಲಿ ಮನಃಶಾಸ್ತ್ರ ಕಲಿಸುವವಳು. ಮಾವನ ಪಕ್ಕದಲ್ಲಿ ಬಂದು ಕುಳಿತಳು.

“ಮಾವ, ಕನಸಲ್ಲಿದ್ದಾಗಲೇ ಇದು ಕನಸು ಅಂತ ಗೊತ್ತಾದ್ರೆ ಓಡೋದು ಬೇಕಾಗಲ್ಲ. ನಿಂತು ಹೋರಿ ಮುಖ ನೋಡ್ಬೋದು.”

“ಕನಸು ನಮ್ಮ ಮಾತು ಕೇಳ್ತದೇನವ್ವಾ?”

“ಅಭ್ಯಾಸ ಬೇಕು. ಹಗಲು ಆಗಾಗ ‘ನಾನೀಗ ಕನಸಲ್ಲಿದ್ದೀನಾ’ ಅಂತ ಕೇಳ್ಕೊಂಡು ಕೈಬೆರಳು ಎಣಿಸಿ. ಕನಸಲ್ಲಿ ಆ ಲೆಕ್ಕ ಎಷ್ಟೋ ಸಲ ತಪ್ಪುತ್ತೆ. ಎದ್ದ ತಕ್ಷಣ ಕನಸನ್ನ ಅತ್ತೆಗೆ ಹೇಳಿ. ಮಲಗೋವಾಗ ‘ಹೋರಿ ಬಂದ್ರೆ ಗುರುತು ಹಿಡೀತೀನಿ’ ಅಂದ್ಕೊಂಡೇ ಕಣ್ಮುಚ್ಚಿ. ಎಲ್ರಿಗೂ ಆಗಲ್ಲ. ನಿದ್ದೆ ಕೆಟ್ರೆ ಬಿಟ್ಬಿಡೋಣ.”

ಅಂಗೈ ನೋಡುತ್ತ ಕೂತರೆ, ಮುದುಕ ಶಾಸ್ತ್ರ ಹೇಳಲು ಕಲಿತನೆಂದು ಜನ ನಕ್ಕಾರು. ಆದ್ದರಿಂದ ಕರಿಯಪ್ಪನವರು ಟವೆಲ್ ಮರೆಯಲ್ಲೇ ಬಲಗೈಯಿಂದ ಎಡಗೈ ಬೆರಳುಗಳನ್ನು ತಡವಿ ಎಣಿಸತೊಡಗಿದರು. ಹೋಟೆಲಿನಲ್ಲಿ ಗೆಳೆಯ ಚನ್ನಬಸವಯ್ಯನವರ ಕಣ್ಣಿಗೆ ಬಿದ್ದೇಬಿಟ್ಟರು.

“ಏನ್ಲಾ ಕರಿಯಾ, ಮಾರೋನೂ ನೀನೇ, ಕೊಳ್ಳೋನೂ ನೀನೇನ್ಲಾ?”

“ಕುದುರ್ತಾ ಐತೆ, ಸುಮ್ಕಿರ್ಲಾ!”

ಕೆಲವು ವಾರ ಏನೂ ಕುದುರಲಿಲ್ಲ. ಹೋರಿ ಬರುತ್ತಿತ್ತು, ಎಣಿಸುವುದು ಮರೆತುಹೋಗುತ್ತಿತ್ತು. ಬೋರಮ್ಮ ಬೆಳಗಾದರೆ ಅದೇ ಕಥೆ ಕೇಳಿ ಕೇಳಿ, “ನಂಗೂ ಅದೇ ಹೋರಿ ಬರಂಗಾಯ್ತು” ಎಂದು ಗೊಣಗುತ್ತಿದ್ದರು.

ಒಂದು ಮಧ್ಯಾಹ್ನ ಮುದ್ದೆ ಉಂಡು ಜಗಲಿಯ ಮೇಲೆ ಒರಗಿದ್ದಾಗ ಮತ್ತೆ ಹೋರಿ ಬಂತು. ಓಡಿದರು. ಓಡುತ್ತಲೇ ಕೈ ತಾನಾಗಿ ಟವೆಲ್ ಮರೆಗೆ ಹೋಯಿತು. ಕಿರುಬೆರಳು ಮುಗಿದ ಮೇಲೂ ಇನ್ನೊಂದು ಬೆರಳು ಸಿಕ್ಕಿತು, ಅದರಾಚೆ ಮತ್ತೊಂದು. ಇಂಥ ಕೈ ಅವರಿಗೆ ಯಾವ ಸಂತೆಯಲ್ಲೂ ಸಿಕ್ಕಿರಲಿಲ್ಲ. ಓಹೋ, ಇದು ಕನಸು! ನಿಂತು ತಿರುಗಿದರು. ಹೋರಿಯೂ ನಿಂತಿತು.

“ಬಾರ್ಲಾ, ಎಷ್ಟು ಹಲ್ಲಾಗವೆ ನೋಡಣ,” ಎಂದರು, ಸಂತೆಯಲ್ಲಿ ದನದ ವಯಸ್ಸು ನೋಡುವವರಂತೆ.

ಹೋರಿ ತಬ್ಬಿಬ್ಬಾಗಿ ಬಾಯಿ ತೆರೆಯಿತು.

ಎಚ್ಚರವಾದಾಗ ನಗುತ್ತಿದ್ದರು. ಎದ್ದವರೇ ನೇರವಾಗಿ ಕೊಟ್ಟಿಗೆಗೆ ನಡೆದರು. ಮುತ್ತ ಕೊಂಬು ತಿರುಗಿಸಿ ನೋಡಿದ ಕೂಡಲೇ ನಗು ಆರಿತು, ಕಾಲು ಅಲ್ಲೇ ಕಟ್ಟಿಕೊಂಡಿತು. ಕೈ ಟವೆಲ್ ಮರೆಗೆ ಹೋಯಿತು.

ಹಿಂದೆಯೇ ಬಂದಿದ್ದ ಬೋರಮ್ಮ ಮೆಲ್ಲಗೆ ಕೇಳಿದರು, “ಎಷ್ಟವೆ?”

“ಐದೇ ಕಣೇ.”

ಇಲ್ಲಿ ಕೊಂಬೂ ನಿಜ, ಪಕ್ಕೆಯೂ ನಿಜ.

“ಹಂಗಾರೆ ಬಂದ್ಬುಡ್ರೀ. ನಾಳೆ ನೋಡಣ.”

ಕರಿಯಪ್ಪನವರು ಟವೆಲ್ ತೆಗೆದು ಹೆಂಡತಿಯ ಕೈಗೆ ಕೊಟ್ಟರು.

“ಒಂದಚ್ಚು ಬೆಲ್ಲ ತಾ.”

ಬೆಲ್ಲವಿಟ್ಟ ಅಂಗೈ ಇಷ್ಟಿಷ್ಟೇ ಮುಂದೆ ಹೋಯಿತು. ಮುತ್ತನ ಒರಟು ನಾಲಗೆ ಐದು ಬೆರಳನ್ನೂ ಬಿಡದೆ ನೆಕ್ಕಿತು.