ಭತ್ತದ ಅಂಚಿಗಿಟ್ಟ ಕಲ್ಲು

ನನ್ನ ತಮ್ಮ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡೇ ಬೈಕಿನಲ್ಲಿ ಬರುತ್ತಿದ್ದ. ಆ ಕಡೆಯಿಂದ ಮಾತಾಡುತ್ತಿದ್ದವಳು ನಾನೇ. ಗಂಗಾವತಿ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿ, ಗಾಡಿಗಳು ಹತ್ತದಿರಲೆಂದು ಅಂಚಿಗೆ ಕಲ್ಲುಗಳನ್ನಿಟ್ಟು ಕಾಯುತ್ತಿದ್ದೆ. ಮೋಡ ಕವಿದಿತ್ತು.

"ಭತ್ತ ಮುಚ್ಚಾಕ ತಾಡಪತ್ರಿ ತಂದಿಯೇನೋ? ಲಗೂನ ಬಾ!" ಎಂದೆ.

"ತಡಿಬೇ ಅಕ್ಕಾ, ಹಾರಿ ಬರ್ಲೇನು?" ಎಂದು ನಕ್ಕ.

ಅವನು ಎದುರಿಗೇ ಕಾಣುತ್ತಿದ್ದರೂ ನಾನು ಮಾತು ನಿಲ್ಲಿಸಲಿಲ್ಲ. ಮರುಕ್ಷಣವೇ ನಾನಿಟ್ಟ ಕಲ್ಲಿಗೆ ಬಡಿದು ಬಿದ್ದ. ಕಾಲು ಮುರಿಯಿತು.

"ನಾಯಿ ಅಡ್ಡ ಬಂತು ಅಂತ ಮನ್ಯಾಗ ಹೇಳಬೇ," ಎಂದ ನರಳುತ್ತ. ನಾನು ಹಾಗೆಯೇ ಹೇಳಿದೆ.

ಅವನು ಈಗಲೂ ಕುಂಟುತ್ತಾನೆ. ಬೀದಿನಾಯಿ ಕಂಡಾಗಲೆಲ್ಲ ಅವನ ಹೆಂಡತಿ ಶಾಪ ಹಾಕುತ್ತಾಳೆ. ನನಗೆ ಅಲ್ಲಿ ಕೂತಿರಲು ಆಗುವುದಿಲ್ಲ. ಏನೋ ನೆಪ ಹೇಳಿ ಎದ್ದುಬಿಡುತ್ತೇನೆ.