ಸಾಬಣ್ಣನ ಬಲಗಡೆಯ ಹೆಗಲು

"ಅಲ್ಲವಾ, ಗಂಡಸರು ಅಂಗಿ ಬಿಚ್ಚಿ ನಿಲ್ಲೋದು ನೋಡಾಕ ಫೀ ಕಟ್ಟಿ ಹೋಗಾಕತ್ತೀಯೇನ? ಮನ್ಯಾಗ ನನ್ನ ಮಗ ಮೂರ್ಹೊತ್ತೂ ಹಂಗ ಅಡ್ಡಾಡ್ತಾನಲ್ಲ, ಅವನ್ನ ಕುಂದ್ರಿಸಿ ತಗಿ. ಪುಗಸಟ್ಟೆ!"

ಇದು ನಮ್ಮ ಅತ್ತೆಯ ಮಾತು. ನಾನು ಲೈಫ್ ಡ್ರಾಯಿಂಗ್ ಕ್ಲಾಸಿಗೆ ಸೇರಿದ್ದೇನೆ ಎಂದು ಮನೆಯಲ್ಲಿ ಘೋಷಿಸಿದ ದಿನ ಸಿಕ್ಕ ಆಶೀರ್ವಾದ. ಮನುಷ್ಯರನ್ನು ಎದುರು ನಿಲ್ಲಿಸಿಕೊಂಡು, ಅವರ ಮೈ ನೋಡಿ ಚಿತ್ರ ಬರೆಯುವುದು ಎಂದು ನಾನು ಒಂದೇ ವಾಕ್ಯದಲ್ಲಿ ವಿವರಿಸಿದ್ದೆ. ವಾಕ್ಯವೇನೋ ಸರಿಯಾಗಿಯೇ ಇತ್ತು. ಅದು ಅತ್ತೆಯ ಕಿವಿ ಮುಟ್ಟುವಷ್ಟರಲ್ಲಿ ಹಾಗಾಗಿತ್ತು.

ನನ್ನ ಗಂಡ ಪೇಪರಿನ ಹಿಂದಿನಿಂದಲೇ, "ನಾ ಅಂತೂ ನಿಲ್ಲಂಗಿಲ್ಲ" ಎಂದರು. ಯಾರು ಕರೆದಿದ್ದರು ಸ್ವಾಮಿ?

ನಾನು ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನುಯಲ್ ಬರೆಯುವವಳು ಎಂದು ನಿಮಗೆ ಗೊತ್ತೇ ಇದೆ. (ಯಾರೂ ಓದದ ಎರಡು ವಸ್ತುಗಳನ್ನು ಬರೆಯುತ್ತೇನೆ. ಇನ್ನೊಂದು ಈ ಕಾಲಂ.) ನಮ್ಮ ಎಚ್‌ಆರ್‌ನವರಿಗೆ ಈ ವರ್ಷ ಒಂದು ಜ್ಞಾನೋದಯವಾಗಿದೆ. ನೌಕರರು ಕೆಲಸ ಮಾಡಿ ಮಾಡಿ ಸುಸ್ತಾಗಿದ್ದಾರೆ, ಹಾಗಾಗಿ ಭಾನುವಾರವೂ ಏನಾದರೂ ಮಾಡಲಿ ಎಂದು. ಎಲ್ಲರೂ ಒಂದೊಂದು ಹವ್ಯಾಸ ಬೆಳೆಸಿಕೊಳ್ಳತಕ್ಕದ್ದು ಎಂದು ಮೇಲ್ ಬಂತು. ಪಕ್ಕದ ಸೀಟಿನವನು ಶಂಶಾಬಾದ್ ಕಡೆ ಏರ್‌ಪೋರ್ಟ್ ಬರುತ್ತದೆಂದು ಪ್ಲಾಟ್ ನೋಡುವುದನ್ನೇ ಹವ್ಯಾಸ ಎಂದು ಬರೆದುಕೊಟ್ಟ. ನಾನು ಚಿತ್ರಕಲೆ ಎಂದು ಬರೆದುಕೊಟ್ಟೆ. ನನಗಿಂತ ಅವನೇ ಬುದ್ಧಿವಂತ ಎಂದು ಈಗ ಅನಿಸುತ್ತಿದೆ.

ಕ್ಲಾಸ್ ಇರುವುದು ಹಿಮಾಯತ್‌ನಗರದ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಲಿಸುವವರು ಒಬ್ಬ ರಿಟೈರ್ಡ್ ಡ್ರಾಯಿಂಗ್ ಮಾಸ್ತರು. ತೆಲುಗಿನವರಾದರೂ ಬೈಯುವುದು ಮಾತ್ರ ಹಿಂದಿಯಲ್ಲಿ. ಕಲಿಯುವವರು ನಾವು ಹನ್ನೊಂದು ಜನ, ಹೆಚ್ಚುಕಮ್ಮಿ ಎಲ್ಲರೂ ಸಾಫ್ಟ್‌ವೇರ್. ನಾವು ಕಾಗದ ಕೊಳ್ಳುವ ಮೊದಲೇ ಇಂಪೋರ್ಟೆಡ್ ಪೆನ್ಸಿಲ್ ಕೊಂಡವರು. ಗೆರೆ ಎಳೆಯಲು ಬರುವ ಮೊದಲೇ "ಡೆಲ್ಟಾಯ್ಡ್", "ಸ್ಕ್ಯಾಪುಲಾ" ಎಂದು ಮಾತಾಡಲು ಕಲಿತವರು.

ಮೊದಮೊದಲು ಮಾಡೆಲ್ ಇರಲಿಲ್ಲ. ನಾವೇ ಸರದಿಯಲ್ಲಿ ನಿಲ್ಲುತ್ತಿದ್ದೆವು. ಎರಡು ವಾರ ಕಳೆಯುವಷ್ಟರಲ್ಲಿ ಮಾಸ್ತರಿಗೆ ಸಾಕಾಗಿಹೋಯಿತು. "ಯಾರನ್ನು ನಿಲ್ಲಿಸಿದರೂ ಕುಳಿತ ಹಾಗೇ ಕಾಣುತ್ತೀರಲ್ರೋ!" ಎಂದರು. ಬಾಗಿದ ಬೆನ್ನು, ಮುಂದೆ ಬಂದ ಕತ್ತು, ಮಡಿಲಲ್ಲಿಟ್ಟುಕೊಂಡಂಥ ಹೊಟ್ಟೆ. ದೇಶದ ಭವಿಷ್ಯ ನಾವೇ ಅಂತೆ. ಪೇಪರಿನಲ್ಲಿ ಬಂದಿತ್ತು.

ಆಗ ಕೈ ಎತ್ತಿದವನು ಕಿರಣ್. ನಮ್ಮಲ್ಲಿ ಸಾಫ್ಟ್‌ವೇರ್ ಅಲ್ಲದವನು ಇವನೊಬ್ಬನೇ, ಸಾಫ್ಟ್‌ವೇರಿನವರಿಗೆ ಟವರ್ ಕಟ್ಟಿಸುವ ಸೈಟ್ ಮ್ಯಾನೇಜರ್. "ಸರ್, ಬಾಡಿ ಬೇಕಾ? ನನ್ನ ಸೈಟಿನಲ್ಲಿ ಮುನ್ನೂರು ಬಾಡಿ ಇದೆ" ಎಂದ. ಮನುಷ್ಯರು ಎಷ್ಟಿದ್ದಾರೆ ಎಂದು ಯಾರೂ ಕೇಳಲಿಲ್ಲ. ಮುಂದಿನ ಭಾನುವಾರ ಸಾಬಣ್ಣ ಬಂದ.

(ಇಬ್ಬರ ಹೆಸರನ್ನೂ ಬದಲಿಸಿದ್ದೇನೆ. ಆ ಮ್ಯಾನೇಜರನಿಗೆ ಕನ್ನಡ ಬರುವುದಿಲ್ಲ. ಬಂದರೂ ನನ್ನ ಕಾಲಂ ಓದುವಷ್ಟು ಕೆಟ್ಟ ಗ್ರಹಚಾರ ಅವನಿಗೆ ಬಂದಿಲ್ಲ.)

ಸಾಬಣ್ಣ ಯಾದಗಿರಿ ಕಡೆಯ ಗೌಂಡಿ. ಗೋಡೆ ಕಟ್ಟುವವನು, ಗಾರೆ ಮೆತ್ತಿ ಗಿಲಾವು ಮಾಡುವವನು. ಒಂದು ಖಾಕಿ ಚಡ್ಡಿಯಲ್ಲಿ ಹಲಗೆಯ ಮೇಲೆ ನಿಂತನೆಂದರೆ ಇಪ್ಪತ್ತು ನಿಮಿಷ ಕದಲುವುದಿಲ್ಲ. ನಮ್ಮ ಹುಡುಗಿಯರು ಐದು ನಿಮಿಷ ನಾಚಿದರು. ಆಮೇಲೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ವೈದ್ಯರ ಹಾಗೆ ನೋಡತೊಡಗಿದರು.

ಮೊದಲ ದಿನವೇ ನನ್ನ ಗುಟ್ಟು ರಟ್ಟಾಯಿತು. ನಾನು ಬರೆದದ್ದನ್ನು ನಾನೇ ನೋಡಿ, "ಅಯ್ಯ ಶಿವನೇ, ಇದೇನು ಕಾಲೋ ಕಂಬವೋ" ಎಂದು ಕನ್ನಡದಲ್ಲೇ ಗೊಣಗಿಕೊಂಡೆ. ಹಲಗೆಯ ಮೇಲೆ ನಿಂತವನು ಫಕ್ಕನೆ ನಕ್ಕ. ಮಾಸ್ತರು "ಹಿಲೋ ಮತ್!" ಎಂದು ಗದರಿದರು. ಚಹಾ ಬ್ರೇಕಿನಲ್ಲಿ ಸಾಬಣ್ಣ ಸೀದಾ ನನ್ನ ಬಳಿ ಬಂದ.

"ಅಕ್ಕಾರ, ನಮ್ಮ ಕಡಿಯವ್ರೇನ್ರಿ?"

"ನಮ್ಮವರ ಊರು ಗದಗ. ಈಗ ದಿಲ್‌ಸುಖ್‌ನಗರ."

"ಮತ್ತ ಹೇಳಬೇಕಿಲ್ರಿ! ಅಂದ್ರ ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಗ್ವಾಡಿ ವಾಲೈತ್ರಿ."

ಗೋಡೆ ಎಂದರೆ ನನ್ನ ಚಿತ್ರ. ನಾನು ಬರೆದ ಸಾಬಣ್ಣ ನಿಜಕ್ಕೂ ಎಡಕ್ಕೆ ಬೀಳುತ್ತಿದ್ದ. ಮಾಸ್ತರು ಇದನ್ನೇ ಎರಡು ವಾರದಿಂದ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಗಂಟಲ ಕೆಳಗಿನ ಗುಳಿಯಿಂದ ಒಂದು ದಾರ ಇಳಿಬಿಟ್ಟರೆ, ಭಾರ ಹೊತ್ತ ಪಾದದ ಮೇಲೆ ಬೀಳಬೇಕು ಎಂದು. ನಾನು ನೋಟ್ಸ್ ಬರೆದುಕೊಂಡಿದ್ದೆ, ತಲೆಗೆ ಇಳಿದಿರಲಿಲ್ಲ. ಸಾಬಣ್ಣ ಚೀಲದಿಂದ ತನ್ನ ತೂಗುಗುಂಡನ್ನೇ ತೆಗೆದ. ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡು, ಗೋಡೆ ನೆಟ್ಟಗಿದೆಯೇ ಎಂದು ನೋಡುವುದು. ಅದನ್ನು ನನ್ನ ಕೈಗೆ ಕೊಟ್ಟು, "ಮೊದ್ಲ ಇದನ್ನ ಬಿಟ್ಟು ನೋಡ್ರಿ. ಆಮ್ಯಾಲ ಬರೀರಿ. ನಿಮ್ಮ ಕಣ್ಣು ತನಗ ಬೇಕಾದ್ದ ಹೇಳ್ತೈತಿ" ಎಂದ. ಫೀ ಕಟ್ಟಿದ್ದು ಮಾಸ್ತರಿಗೆ, ಕಲಿತದ್ದು ಗೌಂಡಿಯಿಂದ.

ಒಂದು ವಿಷಯಕ್ಕೆ ಮಾತ್ರ ಸಾಬಣ್ಣ ಒಪ್ಪುತ್ತಿರಲಿಲ್ಲ. ಎರಡೂ ಕೈ ಮೇಲೆತ್ತಿ ನಿಲ್ಲು ಎಂದರೆ ಆಗದು. ಅವನಿಗೆ ಹಿಂದಿ ಚೆನ್ನಾಗಿಯೇ ಬರುತ್ತದೆ, ದೊಡ್ಡವರಿಗೆ ಇಲ್ಲ ಎನ್ನಬೇಕಾದಾಗ ಮಾತ್ರ ಮರೆತುಹೋಗುತ್ತದೆ. ನನ್ನ ಕಡೆ ತಿರುಗಿ, "ಕೈ ಎತ್ತಿ ನಿಂದ್ರಾಕ ನಾ ಏನು ಕಳುವು ಮಾಡೀನೇನ್ರಿ? ಪೊಲೀಸರ ಮುಂದ ನಿಂತಂಗ ಆಕ್ಕೈತಿ. ನೀವ ಹೇಳ್ರಿ ಅವ್ರಿಗೆ" ಎಂದ. ನಾನು ಇಂಗ್ಲಿಷಿನಲ್ಲಿ, "ಅವರ ಸಂಸ್ಕೃತಿಯಲ್ಲಿ ಅದು ಅಶುಭವಂತೆ" ಎಂದೆ. ಆಹಾ, ಹನ್ನೊಂದು ಜನರ ಮುಖದಲ್ಲೂ ಏನು ಗೌರವ! ಅದು ಯಾವ ಸಂಸ್ಕೃತಿ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹೋದ ಭಾನುವಾರ ಕಿರಣ್ ಭಾರಿ ಉತ್ಸಾಹದಲ್ಲಿದ್ದ. ಅವನ ಸೈಟಿನಲ್ಲಿ ಸೇಫ್ಟಿ ವೀಕ್ ಅಂತೆ. ಗೇಟಿನ ಬಳಿ ದೊಡ್ಡ ಬೋರ್ಡು, ಅದರ ಮೇಲೆ ಆರೋಗ್ಯವಂತ ಕಾರ್ಮಿಕನ ಚಿತ್ರ. "ಫೋಟೋ ಎಲ್ಲರೂ ಹಾಕುತ್ತಾರೆ. ನಾವು ಆರ್ಟ್ ಹಾಕೋಣ. ಇವತ್ತು ಬೆಸ್ಟ್ ಬಂದದ್ದು ನನಗೆ" ಎಂದ. ಬಿದ್ದವರನ್ನು ಹಿಡಿಯುವ ನೆಟ್ ಕಟ್ಟಿಸುವುದಕ್ಕಿಂತ ಚಿತ್ರ ಕಟ್ಟಿಸುವುದು ಸುಲಭ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಸುಳ್ಳೇಕೆ ಹೇಳಲಿ, ಆ ಗೇಟಿನ ಮೇಲೆ ನನ್ನದೇ ಚಿತ್ರ ಬರಬೇಕು ಎಂಬ ಆಸೆ ನನಗೂ ಹುಟ್ಟಿತು.

ಸಾಬಣ್ಣ ನಿಂತ. ನಾನು ಗುಂಡು ಬಿಟ್ಟೆ. ಗುಳಿಯಿಂದ ಪಾದಕ್ಕೆ, ಹೆಗಲಿನಿಂದ ಸೊಂಟಕ್ಕೆ, ಒಂದೊಂದೇ ಅಳೆದು ಗುರುತು ಹಾಕಿದೆ. ಬಲ ಹೆಗಲು ಎಡದ್ದಕ್ಕಿಂತ ಕೆಳಗೆ ಬಂತು. ತಪ್ಪು ನನ್ನದೇ ಇರಬೇಕೆಂದು ಒರೆಸಿದೆ. ಮತ್ತೆ ಬಿಟ್ಟೆ, ಮತ್ತೆ ಅಲ್ಲಿಗೇ ಬಂತು. ಹತ್ತಿರ ಹೋಗಿ ನೋಡಿದೆ. ಹೆಗಲ ಮೇಲಿನ ದುಂಡನೆಯ ಸ್ನಾಯು, ಅದೇ ನಮ್ಮ ಡೆಲ್ಟಾಯ್ಡ್, ಎಡಗಡೆ ದುಂಡಗೇ ಇದೆ. ಬಲಗಡೆ ಚಪ್ಪಟೆ, ಕೆರೆದು ತೆಗೆದ ಹಾಗೆ. ಮೂರು ತಿಂಗಳಿಂದ ಹನ್ನೊಂದು ಜನ ಈ ಮೈಯನ್ನೇ ನೋಡುತ್ತಿದ್ದೇವೆ, ಒಬ್ಬರಿಗೂ ಕಂಡಿರಲಿಲ್ಲ. ಪುಸ್ತಕದಲ್ಲಿ ಎರಡೂ ಹೆಗಲು ಒಂದೇ ಸಮ ಇರುತ್ತವಲ್ಲ, ಅದನ್ನೇ ಇಳಿಸುತ್ತಿದ್ದೆವು.

ಕಂಡದ್ದನ್ನು ಕಂಡ ಹಾಗೆಯೇ ಬರೆದೆ. ಮಾಸ್ತರು ಹಿಂದೆ ಬಂದು ನಿಂತರು. ಬೈಯಲಿಲ್ಲ. "ವಾಹ್ ಅಮ್ಮಾ, ಇವತ್ತು ನೋಡಿ ಬರೆದಿದ್ದೀಯ" ಎಂದು ಮೆಲ್ಲಗೆ ಹೇಳಿ ಮುಂದೆ ಹೋದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಚಹಾ ಬ್ರೇಕ್ ಆಯಿತು. ಸಾಬಣ್ಣ ಟವೆಲ್ ಹೊದ್ದು ಎಂದಿನಂತೆ ಒಂದೊಂದೇ ಚಿತ್ರದ ಮುಂದೆ ಹೋದ. ಕಿರಣನ ಚಿತ್ರ ನೋಡಿ ನನಗೆ ಕೇಳುವಂತೆ, "ಇಂವ ಯಾವೂರ ಪೈಲ್ವಾನ್ರಿ ಅಕ್ಕಾರ?" ಎಂದ. ಪಕ್ಕದ ಹುಡುಗಿಯದು ಥೇಟ್ ಕ್ಯಾಲೆಂಡರಿನ ದೇವರು. "ತಲಿ ಹಿಂದ ಚಕ್ರ ಒಂದ ಕಡಿಮಿ" ಎಂದ. ನನ್ನ ಚಿತ್ರದ ಮುಂದೆ ಬಂದ. ನಗು ನಿಂತಿತು.

"ಇದನ್ನ ಹೆಂಗ ಕಂಡ್ರಿ?"

"ನೀನ ಕೊಟ್ಟಿದ್ದಿಯಲ್ಲಪಾ ಗುಂಡು. ಅದನ್ನ ಬಿಟ್ಟೆ."

ಟವೆಲನ್ನು ಬಲ ಹೆಗಲ ಮೇಲೆ ಎಳೆದುಕೊಂಡ. "ನಾಕ ತಿಂಗಳಾತ್ರಿ. ಸಿಮೆಂಟಿನ ಚೀಲ ಹೊತ್ತು ಮೆಟ್ಟಲಾ ಇಳಿಯೂ ಮುಂದ ಜಾರಿದೆ. ಆವಾಗಿಂದ ಬಲಗೈ ಕಿವಿಮಟ ಏರಂಗಿಲ್ಲ."

"ಡಾಕ್ಟರಿಗೆ ತೋರಿಸಿಲ್ಲೇನು?"

"ತೋರಿಸೀನ್ರಿ. ಮೂರ ತಿಂಗಳ ಕೆಲಸ ಬಿಟ್ಟು ಕೈ ಕಟ್ಟಿಕೊಂಡು ಕುಂದ್ರು ಅಂದ್ರು. ಕುಂತ್ರ ಹೆಂಗ್ರಿ? ಎದಿಮಟದ ಗಿಲಾವು ನಾ ಮಾಡ್ತೀನಿ. ಮ್ಯಾಲಿಂದು ನಮ್ಮಾಕಿ ಸ್ಟೂಲ್ ಹತ್ತಿ ಮಾಡ್ತಾಳ. ಸಾಹೇಬ್ರು ರೌಂಡಿಗೆ ಬಂದ್ರ ಅಕಿ ಇಳದು ಬುಟ್ಟಿ ಹಿಡ್ಕೊಂತಾಳ, ನಾ ಕರಣಿ ಹಿಡ್ಕೊಂತೀನಿ."

ಕರಣಿ ಎಂದರೆ ಗಾರೆ ಮೆತ್ತುವ ಸಲಿಕೆ. ಸೈಟಿನ ಲೆಕ್ಕದಲ್ಲಿ ಅವನು ಗೌಂಡಿ, ಆಕೆ ಹೆಲ್ಪರ್. ಅರ್ಧ ಗೋಡೆ ಹೆಲ್ಪರ್ ಮುಗಿಸುತ್ತಾಳೆ.

"ಅನ್‌ಫಿಟ್ ಅಂತ ಗೊತ್ತಾದ್ರ ಅವತ್ತ ಗೇಟ್ ಪಾಸ್ ಕಸಗೊಂತಾರ್ರಿ ಅಕ್ಕಾರ. ಪಾಸ್ ಹೋತಂದ್ರ ನಾವು ಇರೂ ಶೆಡ್ಡೂ ಹೋತು. ಮಗಳನ್ನ ಈಗರ ಸಾಲಿಗೆ ಹಚ್ಚೀವಿ. ಈ ಚಿತ್ರ ಗೇಟಿಗೆ ಹಾಕ್ತಾರಂತಲ್ರಿ?"

ಎರಡು ಮಾರು ದೂರದಲ್ಲಿ ಕಿರಣ್ ಸಮೋಸಾ ತಿನ್ನುತ್ತಿದ್ದ. "ಏನಂತೆ ಅವನಿಗೆ?" ಎಂದು ಕೇಳಿದ. "ಚಿತ್ರ ಚೆನ್ನಾಗಿದೆ ಅಂತಿದ್ದಾನೆ" ಎಂದೆ.

ಆಗ ನನ್ನ ತಲೆಗೆ ಬಂದ ಮೊದಲ ಯೋಚನೆ ಏನು ಗೊತ್ತೇ? ಅಯ್ಯೋ, ನನ್ನ ಚಿತ್ರ! ಒಬ್ಬ ಮನುಷ್ಯನ ಕೈ ಹೋಗಿದೆ, ಇನ್ನು ಕೆಲಸ, ಶೆಡ್ಡು, ಮಗಳ ಶಾಲೆ ಎಲ್ಲ ಹೋಗುವುದರಲ್ಲಿದೆ. ನನಗೆ ಕಾಗದದ ಚಿಂತೆ. ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು. ಆದರೆ ಬಂದದ್ದು ಆ ಯೋಚನೆಯೇ, ಅದನ್ನು ಮುಚ್ಚಿಡುವುದಿಲ್ಲ.

ಬ್ರೇಕ್ ಮುಗಿಯಿತು. ಸಾಬಣ್ಣ ಮತ್ತೆ ಹಲಗೆ ಹತ್ತಿದ. ನಾನು ಅನಾಟಮಿ ಪುಸ್ತಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ, ರಬ್ಬರ್ ಹಿಡಿದೆ. ಬಲ ಹೆಗಲನ್ನು ಒರೆಸಿ ಮೇಲಕ್ಕೆ ಏರಿಸಿದೆ. ಪುಸ್ತಕ ನೋಡಿ ದುಂಡನೆಯ ಡೆಲ್ಟಾಯ್ಡ್ ಕೂರಿಸಿದೆ. ನೆರಳು ಕೊಟ್ಟೆ, ಹೊಳಪು ಕೊಟ್ಟೆ. ಮೂರು ತಿಂಗಳು ಒದ್ದಾಡಿ ಕಲಿತ ಕಲೆಯನ್ನು ಹತ್ತೇ ನಿಮಿಷದಲ್ಲಿ ಒರೆಸಿಹಾಕಿ ಒಬ್ಬ ಹೀರೋನನ್ನು ತಯಾರು ಮಾಡಿದೆ.

ಮಾಸ್ತರು ಬಂದು ನೋಡಿ ಹಣೆ ಚಚ್ಚಿಕೊಂಡರು. "ಕ್ಯಾ ಕರ್ ದಿಯೇ ಅಮ್ಮಾ! ಸರಿಯಾಗಿ ಇದ್ದದ್ದನ್ನು ಯಾಕೆ ಕೆಡಿಸಿದೆ?" ಎಂದರು. ಏನೆಂದು ಹೇಳಲಿ? "ಸಾರಿ ಸರ್, ಪುಸ್ತಕ ನೋಡಿಬಿಟ್ಟೆ" ಎಂದೆ. ಅವರು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಕಿರಣ್ ಮಾತ್ರ ಕುಣಿದಾಡಿದ. ನನ್ನ ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಇದೇ ಗೇಟಿಗೆ! ಏನು ಶೋಲ್ಡರ್ಸ್ ಮೇಡಂ!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಸಾಬಣ್ಣನ ಮುಖ ನೋಡಿದೆ. ಅವನು ಕಣ್ಣಲ್ಲೇ ಕೈ ಮುಗಿದ. ಒಳ್ಳೆಯ ಕೆಲಸ ಮಾಡಿದೆ ಎಂದು ನಾನೂ ಉಬ್ಬಿದೆ. ಎಷ್ಟು ಹೊತ್ತು? ಅರ್ಧ ನಿಮಿಷ.

ಕಿರಣ್ ಇನ್ನೂ ಚಿತ್ರವನ್ನೇ ನೋಡುತ್ತಿದ್ದ. ಮನುಷ್ಯ ಎದುರಿಗೇ ನಿಂತಿದ್ದಾನೆ, ಇವನು ನೋಡುತ್ತಿರುವುದು ಕಾಗದವನ್ನು. "ಅರೆ, ಇಂಥ ಬಾಡಿ ಇಟ್ಟುಕೊಂಡು ಇವನು ಕೆಳಗೆ ಗೋಡೆ ಮೆತ್ತುತ್ತಿದ್ದಾನಲ್ಲ! ಮೇಲಿನ ಫ್ಲೋರುಗಳ ಸೀಲಿಂಗಿಗೆ ನನಗೆ ಜನ ಸಿಗುತ್ತಿಲ್ಲ" ಎಂದವನೇ ತಿರುಗಿ, "ಸಾಬಣ್ಣಾ, ಕಲ್ ಸೇ ಛತ್ ಕಾ ಕಾಮ್. ಠೀಕ್ ಹೈ?" ಎಂದ.

ಸೀಲಿಂಗ್ ಗಿಲಾವು ಎಂದರೆ ಬೆಳಗಿನಿಂದ ಸಂಜೆಯವರೆಗೆ ತಲೆಯ ಮೇಲೆ ಕೈ ಎತ್ತಿ ಮಾಡುವ ಕೆಲಸ. ಅಲ್ಲಿ ಸಾಬಣ್ಣ ಮಾಡಬಲ್ಲ ಎದೆಮಟ್ಟದ ಅರ್ಧ ಇರುವುದೇ ಇಲ್ಲ.

"ಕಿರಣ್, ಒಂದು ನಿಮಿಷ..." ಎಂದು ನಾನು ಬಾಯಿ ತೆರೆದೆ. ಸಾಬಣ್ಣ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ, ಬೇಡ ಎನ್ನುವಂತೆ. ಆಮೇಲೆ ಮ್ಯಾನೇಜರನಿಗೆ "ಜೀ ಸಾಬ್" ಎಂದ. ನಾನು ರಬ್ಬರ್, ಪೆನ್ಸಿಲ್ ಚೀಲಕ್ಕೆ ತುಂಬತೊಡಗಿದೆ.

ಅವನು ಅಂಗಿ ಹಾಕಿಕೊಳ್ಳುವುದನ್ನು ನಾನು ಅವತ್ತು ಮೊದಲ ಸಲ ನೋಡಿದೆ. ಎಡಗೈಯಿಂದ ಬಲಗೈಯನ್ನು ಹಿಡಿದು ತೋಳಿನೊಳಗೆ ತೂರಿಸಿದ. ಗುಂಡಿ ಹಾಕಿಕೊಳ್ಳುತ್ತ ನನ್ನ ಪಕ್ಕದಲ್ಲಿ ಹಾದು ಹೋಗುವಾಗ ಒಂದು ಕ್ಷಣ ನಿಂತ.

"ನಿಮ್ದೇನ ತಪ್ಪಿಲ್ಲ ಬಿಡ್ರಿ ಅಕ್ಕಾರ. ಕೆಲಸಂತೂ ಉಳೀತು."

ಕೆಲಸವೇನೋ ಉಳಿಯಿತು. ಕೈ?