ಅಳು ಕೇಳಿಸದಷ್ಟು ದೂರ

ಬೆಳಗಿನ ಆರು ಗಂಟೆ. ಕಾಲೇಜಿನ ಹಿಂಭಾಗದಲ್ಲಿ, ನೀರಿನ ಪಂಪಿನ ಪಕ್ಕದ ಸಣ್ಣ ಕೋಣೆಯೊಳಗೆ, ಐವತ್ತೆರಡು ವರ್ಷದ ಹೆಂಗಸೊಬ್ಬರು ಮಗುವಿನಂತೆ ಅಳುತ್ತಿದ್ದಾರೆ. ಕಣ್ಣಲ್ಲಿ ನೀರಿಲ್ಲ, ಕೆಲಸವೆಲ್ಲ ಗಂಟಲಿನದು. ಮೊದಲು ಕುಂಯ್‌ಗುಡುತ್ತಾರೆ, ಆಮೇಲೆ ಉಸಿರು ಬಿಗಿಹಿಡಿಯುತ್ತಾರೆ, ಕೊನೆಗೆ ಹಸಿದ ಮಗು ಕೆರಳಿದಾಗ ಹೊರಡುವ ಚೂಪು ದನಿ. ಮುಗಿಸಿ ಕೆಮ್ಮಿ ಹೊರಬಂದು ಕಾಯುತ್ತಾರೆ. ಪರೀಕ್ಷಾ ಹಾಲ್‌ನ ಮೂರನೇ ಸಾಲಿನಲ್ಲಿ, ಕಿಟಕಿ ಪಕ್ಕದ ಡೆಸ್ಕಿನಲ್ಲಿ ಇಷ್ಟು ಹೊತ್ತು ಕೂತಿದ್ದ ವಾಚ್‌ಮನ್ ಅಂಗಳ ದಾಟಿ ಬರುತ್ತಾನೆ.

“ಕೇಳಿಸ್ತಾ?”

“ಇಲ್ಲ ಅಕ್ಕ. ಕಿಟಕಿ ಎರಡೂ ತೆಗೆದಿದ್ದೆ. ಕಾಗೆ ಕೂಗಿದ್ದು ಕೇಳಿಸ್ತು, ನೀವು ಕೇಳಿಸ್ಲಿಲ್ಲ.”

“ನಿದ್ದೆ ಹೋಗಿರ್ಬೇಕು ನೀನು.”

“ಆ ಬೆಂಚಲ್ಲಿ ಸುಮ್ನೆ ನಿದ್ದೆ ಬರಲ್ಲ ಅಕ್ಕ. ಮೇಷ್ಟ್ರು ಎದುರಿಗಿರ್ಬೇಕು.”

ಆಗ ಅವರ ಮುಖ ಸಡಿಲಾಗುತ್ತದೆ. ಅವರು ಅತ್ತು ನೋಡಿದ ಆರನೇ ಕೋಣೆ ಇದು. ಉಳಿದ ಐದರಲ್ಲೂ ದನಿ ಹಾಲ್ ಮುಟ್ಟಿತ್ತು.

ಕಾಗದದ ಮೇಲೆ ಅವರು ಈ ಕಾಲೇಜಿನ ಆಯಾ. ಗುಡಿಸುವುದು, ಒರೆಸುವುದು, ನೀರು ತುಂಬಿಸುವುದು ಅವರ ಕೆಲಸ. ಹುಡುಗಿಯರಿಗೆ ಅವರು ದೊಡ್ಡಮ್ಮ. ಯಾವ ಆದೇಶದಲ್ಲೂ ಇಲ್ಲದ ಇನ್ನೊಂದು ಕೆಲಸವನ್ನು ಆರು ವರ್ಷದಿಂದ ಮಾಡುತ್ತಿದ್ದಾರೆ. ಓದುವ ವಯಸ್ಸಿನಲ್ಲೇ ತಾಯಿಯಾದವರು ತರಗತಿಯಲ್ಲಿ ಕೂತಿರುವಷ್ಟು ಹೊತ್ತು ಅವರ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಈ ಹುಡುಗಿಯರಲ್ಲಿ ಮದುವೆಯಾದವರಿದ್ದಾರೆ, ಆಗದವರೂ ಇದ್ದಾರೆ. ದೊಡ್ಡಮ್ಮ ಅದನ್ನು ವಿಚಾರಿಸುವುದಿಲ್ಲ.

“ನಾನು ಕೇಳೋದು ಎರಡೇ. ಮಗು ಹಾಲು ಕುಡಿದು ಎಷ್ಟು ಹೊತ್ತಾಯ್ತು, ಮೈ ಬಿಸಿ ಇದೆಯಾ. ಉಳಿದಿದ್ದನ್ನ ಊರೇ ಕೇಳಿ ಮುಗಿಸಿರುತ್ತೆ.”

ಮಾಮೂಲಿ ದಿನ ನಾಲ್ಕೈದು ಮಕ್ಕಳು, ಪರೀಕ್ಷೆ ಬಂತೆಂದರೆ ಒಂಬತ್ತು. ಎರಡು ತೊಟ್ಟಿಲು, ಒಂದು ಚಾಪೆ, ತೆವಳುವವರು ಹೊರಹೋಗದಂತೆ ಕಾಲುಮುರಿದ ಡೆಸ್ಕುಗಳ ಬೇಲಿ. ಹಾಲಿನ ಬಾಟಲಿ ಅದಲುಬದಲಾಗದಿರಲೆಂದು ಪ್ರತಿಯೊಂದಕ್ಕೂ ತಾಯಿಯ ರೋಲ್ ನಂಬರಿನ ಪಟ್ಟಿ. ದಿನಕ್ಕೆ ಮೂವತ್ತು ಬಟ್ಟೆ ಒಗೆಯುತ್ತಾರೆ. “ಹೆತ್ತವರು ಓದ್ತಾರೆ, ನಮ್ಮ ಮನೆ ಸೊಸೆ ಹೇಲು ಬಳೀತಾಳೆ” ಎಂದು ಅತ್ತೆ ಇವತ್ತಿಗೂ ಗೊಣಗುತ್ತಾರಂತೆ. ಹಾಗೆ ಗೊಣಗುತ್ತಲೇ ಹಳೆಯ ಸೀರೆಗಳನ್ನು ಹರಿದು ಚೌಕ ಮಾಡಿ ಮಡಚಿಟ್ಟಿರುತ್ತಾರಂತೆ.

ಇದುವರೆಗೆ ನಲವತ್ತಮೂರು ಮಕ್ಕಳು ಈ ಕೈಗಳಲ್ಲಿ ಬೆಳೆದಿದ್ದಾರೆ. ಅವರ ತಾಯಂದಿರಲ್ಲಿ ಮೂವತ್ತೆರಡು ಜನ ಪಾಸಾಗಿದ್ದಾರೆ. ಶುರುವಿನಲ್ಲಿ ಆಡಳಿತ ಮಂಡಳಿಯ ಸದಸ್ಯರೊಬ್ಬರು, ಇದು ಕಾಲೇಜೋ ಹೆರಿಗೆ ಆಸ್ಪತ್ರೆಯೋ ಎಂದು ರೇಗಿದ್ದರು. “ಆಸ್ಪತ್ರೇಲಿ ಮೂರು ದಿನಕ್ಕೆ ಮನೆಗೆ ಕಳಿಸ್ತಾರೆ ಸಾರ್. ನಾವು ಅಲ್ಲಿಂದ ಮುಂದಿನದು ನೋಡ್ಕೊತೀವಿ” ಎಂದಿದ್ದರು ದೊಡ್ಡಮ್ಮ.

ಕಳೆದ ವರ್ಷ ಉಪನ್ಯಾಸಕರೊಬ್ಬರು ಕಾಲೇಜಿನ ಹತ್ತು ವರ್ಷದ ದಾಖಲೆ ತೆಗೆದು ಒಂದು ಚಾರ್ಟು ಮಾಡಿ ಸ್ಟಾಫ್ ರೂಮಿಗೆ ಅಂಟಿಸಿದರು. ಹರೆಯದಲ್ಲೇ ದೈಹಿಕ ಸಂಬಂಧಕ್ಕೆ ಬಿದ್ದ ಹುಡುಗಿಯರ ಓದು ಅರ್ಧಕ್ಕೆ ನಿಲ್ಲುತ್ತದೆ ಎಂಬುದು ಅದರ ಸಾರ. ಗುಡಿಸಲು ಹೋದ ದೊಡ್ಡಮ್ಮ ಪೊರಕೆ ಹಿಡಿದುಕೊಂಡೇ ಪೂರ್ತಿ ಓದಿದರು.

“ಸಾರ್, ಹುಡುಗರ ಸಾಲು ಎಲ್ಲಿ?”

ಹುಡುಗರ ಅಂಕ ಅಷ್ಟೇನೂ ಇಳಿದಿಲ್ಲ, ಅದಕ್ಕೇ ಹಾಕಿಲ್ಲ ಎಂದರು ಉಪನ್ಯಾಸಕರು.

“ಇಬ್ರೂ ಸೇರೇ ಆಗಿದ್ದಲ್ವಾ ಸಾರ್? ಹಾಜರಿ ಹೋಗಿದ್ದು ಮಾತ್ರ ಒಬ್ಬಳದು.”

ಚಾರ್ಟು ಒಂದು ವಾರದಲ್ಲಿ ಗೋಡೆ ಬಿಟ್ಟಿತು. ಹಾಗೆಂದು ದೊಡ್ಡಮ್ಮ ಯಾರ ಬೆನ್ನೂ ತಟ್ಟುವುದಿಲ್ಲ. “ಆತುರಪಡೋರಿಗೆ ಬೈತೀನಿ. ನರ್ಸಮ್ಮನ ಹತ್ರ ಹೋಗಿ ಎಲ್ಲಾ ಸರಿಯಾಗಿ ಕೇಳ್ಕೊಳ್ರೇ ಅಂತ ಕಳಿಸ್ತೀನಿ. ಆದ್ರೆ ಆಗಿಹೋದ್ಮೇಲೆ ಗೇಟು ಹಾಕಿದ್ರೆ, ಎರಡು ಜೀವ ಹೊರಗೆ ಉಳೀತವೆ.”

ಬೆಳಿಗ್ಗೆಯ ಈ ಅಳು ಒಬ್ಬ ಹುಡುಗಿಗಾಗಿ. ಅವಳಿಗೆ ಈಗ ಇಪ್ಪತ್ತು. ಹದಿನೆಂಟು ತುಂಬಿದ ವರ್ಷ ಬಸುರಾದಳು. ಜೊತೆಯಲ್ಲೇ ಓದುತ್ತಿದ್ದವನು ಒಂದು ದಿನವೂ ತಪ್ಪಿಸದೆ ಪಾಸಾಗಿ ಬೇರೆ ಊರಿಗೆ ಹೋದ. ಇವಳಿಗೆ ಗಣಿತ ಉಳಿಯಿತು. ಹೋದ ವರ್ಷ ಬರೆಯಲು ಬಂದಾಗ ಮಗನಿಗೆ ನಾಲ್ಕು ತಿಂಗಳು. ತಾಯಿ ಹತ್ತಿರವಿದ್ದರೆ ಧೈರ್ಯ ಎಂದು ದೊಡ್ಡಮ್ಮ ಹಾಲ್‌ನ ಪಕ್ಕದ ಕೋಣೆಯನ್ನೇ ಆರಿಸಿದ್ದರು. ನಲವತ್ತನೇ ನಿಮಿಷಕ್ಕೆ ಮಗು ಕಿರುಚಿತು. ಹುಡುಗಿ ಪೆನ್ನು ಇಟ್ಟು ಎದ್ದು ಬಂದಳು. ಒಮ್ಮೆ ಹೊರಬಂದವರನ್ನು ಮತ್ತೆ ಒಳಗೆ ಬಿಡುವ ನಿಯಮವಿಲ್ಲ.

“ಅವಳು ಫೇಲಾಗಿದ್ದಲ್ಲ, ಫೇಲಾಗಿದ್ದು ನಾನು” ಎನ್ನುತ್ತಾರೆ ದೊಡ್ಡಮ್ಮ. “ಅಳು ಕಿವಿಗೆ ಬಿದ್ದ ತಾಯಿಗೆ ಸೂತ್ರ ನೆನಪಿರುತ್ತಾ? ಕೋಣೆ ಆರಿಸಿದೋಳು ನಾನು ತಾನೇ.”

ಇವತ್ತು ಅವಳ ಕೊನೆಯ ಅವಕಾಶ. ಮುಂದಿನ ವರ್ಷದಿಂದ ಪಠ್ಯ ಬದಲಾಗುತ್ತದೆ. ಈ ಸಲವೂ ಹೋದರೆ ಎಲ್ಲ ವಿಷಯವನ್ನೂ ಮೊದಲಿನಿಂದ ಬರೆಯಬೇಕು, ಅಷ್ಟು ದಿನ ಮನೆಯವರು ಕಾಯುವುದಿಲ್ಲ.

ಒಂಬತ್ತೂವರೆಗೆ ಹುಡುಗಿ ಬರುತ್ತಾಳೆ. ಹದಿನಾರು ತಿಂಗಳ ಮಗ ಅವಳ ಕತ್ತು ಬಿಡುತ್ತಿಲ್ಲ.

“ದೊಡ್ಡಮ್ಮಾ, ಇವನು ಅತ್ರೆ...”

“ಅಳ್ತಾನೆ. ಅದು ಅವನ ಕೆಲಸ. ನಿನ್ನ ಕೆಲಸ ಒಳಗಿದೆ, ನಡಿ.”

ಹನ್ನೊಂದಕ್ಕೆ ಅವನು ಶುರುಮಾಡುತ್ತಾನೆ. ಸುಮ್ಮನಿದ್ದ ಇನ್ನಿಬ್ಬರು ಜೊತೆಗೂಡುತ್ತಾರೆ. ಅವನನ್ನು ಸೊಂಟದ ಮೇಲೆ ಕೂರಿಸಿ, ಕಾಲಿನಿಂದ ತೊಟ್ಟಿಲು ತೂಗುತ್ತಾ ದೊಡ್ಡಮ್ಮ ಬಾಗಿಲ ಸಂದಿಯಿಂದ ಹಾಲ್ ಕಡೆಗೇ ನೋಡುತ್ತಾರೆ. ಹತ್ತು ನಿಮಿಷ, ಹದಿನೈದು. ಹಾಲ್‌ನ ಬಾಗಿಲು ತೆರೆಯುತ್ತದೆ. ದೊಡ್ಡಮ್ಮನ ಕಾಲು ನಿಲ್ಲುತ್ತದೆ. ಹೊರಬಂದದ್ದು ಪ್ರಶ್ನೆಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿರುವ ಯಾರೋ ಹುಡುಗ. ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಮಗು ಬಿಕ್ಕುತ್ತಾ ಬಿಕ್ಕುತ್ತಾ ಅವರ ಹೆಗಲ ಮೇಲೆಯೇ ನಿದ್ದೆ ಹೋಗುತ್ತದೆ.

ಒಂದು ಗಂಟೆಗೆ, ಎಲ್ಲರಿಗಿಂತ ಕೊನೆಗೆ, ಅವಳು ಬರುತ್ತಾಳೆ. ಬೆರಳಿಗೆಲ್ಲ ಶಾಯಿ.

“ಒಂದೇ ಲೆಕ್ಕ ಬಿಟ್ಟಿದ್ದು. ಎರಡು ಹಾಳೆ ಹೆಚ್ಚಿಗೆ ಇಸ್ಕೊಂಡೆ. ಇವನು ಅತ್ನಾ?”

“ಇಪ್ಪತ್ತು ನಿಮಿಷ.”

ಹುಡುಗಿ ಮಗನನ್ನು ಎತ್ತಿಕೊಂಡು ಗೋಡೆಗೆ ಒರಗುತ್ತಾಳೆ. ತಪ್ಪು ಒಪ್ಪಿಕೊಳ್ಳುವವಳಂತೆ ದನಿ ತಗ್ಗಿಸುತ್ತಾಳೆ. “ಮೂರು ಗಂಟೆ ಇವನ ನೆನಪೇ ಬರ್ಲಿಲ್ಲ ದೊಡ್ಡಮ್ಮಾ.”

ದೊಡ್ಡಮ್ಮ ಬೆಳಗಿನಿಂದ ಮೊದಲ ಬಾರಿಗೆ ಚಾಪೆಯ ಮೇಲೆ ಕಾಲು ಚಾಚಿ ಕೂರುತ್ತಾರೆ. “ಬರಬಾರದು ಅಂತಾನೇ ಕಣೇ ನಾವಿಷ್ಟು ದೂರ ಬಂದಿದ್ದು.”

ಹಾಲ್ ಕಡೆಯಿಂದ ಬಂದ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು, ಈ ಕೋಣೆ ಖಾಲಿ ಇರುವ ಕಾಲ ಬರಲಿ ಎಂದು ಹಾರೈಸುತ್ತಾರೆ. ದೊಡ್ಡಮ್ಮ ತಲೆಯಾಡಿಸುವುದಿಲ್ಲ.

“ಖಾಲಿ ಆದ್ರೆ ನನಗೆ ಭಯ ಮೇಡಂ. ಮಕ್ಕಳಾಗೋದು ನಿಂತಿದೆಯೋ, ಹುಡುಗೀರು ಬರೋದು ನಿಂತಿದೆಯೋ ಹೆಂಗೆ ಗೊತ್ತಾಗೋದು? ಸದ್ಯಕ್ಕೆ ಇನ್ನೊಂದು ತೊಟ್ಟಿಲು ಕೊಡ್ಸಿ.”